ಕಲಿಯಬೇಕಾದವರು ಯಾರು? ಶ್ವಾನಶಿಕ್ಷಣವೂ ಅಹಿಂಸಾಣುವ್ರತವೂ

ಅಹಿಂಸೆಯೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ಊಟದ ಎಲೆಯತ್ತ ಹರಿಯುತ್ತದೆ. ಯಾವುದನ್ನು ಉಣ್ಣಬೇಕು, ಯಾವುದನ್ನು ಬಿಡಬೇಕು, ಎಷ್ಟು ಹೊತ್ತಿನೊಳಗೆ ಊಟ ಮುಗಿಸಬೇಕು, ನೀರನ್ನು ಹೇಗೆ ಸೋಸಬೇಕು ಎಂಬ ವಿಷಯಗಳಲ್ಲಿ ನಮ್ಮ ಮನೆಗಳು ತೋರುವ ಎಚ್ಚರ ಮೆಚ್ಚತಕ್ಕುದೇ ಸರಿ. ಆದರೆ ಗೃಹಸ್ಥನ ಅಹಿಂಸಾಣುವ್ರತಕ್ಕೆ ತಗಲುವ ಅತಿಚಾರಗಳು ಯಾವುವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹುಡುಕಿದರೆ ಅಲ್ಲಿ ಎಲೆಯ ಮೇಲಿನ ಪದಾರ್ಥದ ಮಾತೇ ಇಲ್ಲ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರನ್ನು ತಡೆಹಿಡಿಯುವುದು ಎಂದು ಆಚಾರ್ಯ ಉಮಾಸ್ವಾಮಿಗಳು ಅಲ್ಲಿ ಎಣಿಸಿರುವ ಐದು ದೋಷಗಳೂ ನಮ್ಮ ವಶದಲ್ಲಿರುವ ಜೀವಿಯೊಡನೆ ನಾವು ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು. ವ್ರತವನ್ನು ಪೂರ್ತಿ ಮುರಿಯದೆಯೇ ಅದಕ್ಕೆ ಮಲವನ್ನು ಹಚ್ಚುವ ಈ ದೋಷಗಳನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ದೊಡ್ಡವರಾದ ನಾವು ಅವುಗಳನ್ನು ಇಟ್ಟುಕೊಂಡು ನಮ್ಮ ಅಂಗಳವನ್ನು ಒಮ್ಮೆಯಾದರೂ ನೋಡಿಕೊಂಡಿದ್ದೇವೆಯೆ?

ಈ ಪ್ರಶ್ನೆ ನನ್ನಲ್ಲಿ ಎದ್ದುದು ಲಗ್ಗೆರೆಯಲ್ಲಿ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ ಈ ಬಡಾವಣೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಬಯಲೆಂಬುದು ಅಪರೂಪ. ಒಂದು ಭಾನುವಾರದ ಬೆಳಗ್ಗೆ ಅಲ್ಲಿನ ಖಾಲಿ ನಿವೇಶನವೊಂದರಲ್ಲಿ ನಾಲ್ಕಾರು ಯುವಕರು ನಾಯಿಗಳನ್ನು ಕರೆತಂದಿದ್ದರು. ಇಟ್ಟಿಗೆಗಳ ಮೇಲೆ ಪ್ಲಾಸ್ಟಿಕ್ ಪೈಪುಗಳನ್ನು ಅಡ್ಡವಿಟ್ಟು ಹಾರುವ ತಡೆಗಳನ್ನು ಮಾಡಿದ್ದರು. ಕಡ್ಡಿಗಳನ್ನು ಸಾಲಾಗಿ ನೆಟ್ಟಿದ್ದರು. ಹಳೆಯ ಟೈರೊಂದನ್ನು ತೂಗುಹಾಕಿದ್ದರು. ಅವರಲ್ಲೊಬ್ಬ ತನ್ನ ನಾಯಿಯನ್ನು ನೆರಳಿನಲ್ಲಿ ಕೂರಿಸಿ, ತಾನೊಬ್ಬನೇ ತಡೆಯಿಂದ ತಡೆಗೆ ಓಡಿ, ಇಲ್ಲದ ನಾಯಿಗೆ ಕೈತೋರಿಸುತ್ತ ತಿರುವುಗಳನ್ನು ಅಭ್ಯಾಸ ಮಾಡುತ್ತಿದ್ದ. ನನ್ನ ಜೊತೆಯಲ್ಲಿದ್ದ ಹಿರಿಯರೊಬ್ಬರು, ನಿತ್ಯಪೂಜೆ ತಪ್ಪಿಸದವರು, ಮುಖ ಸಿಂಡರಿಸಿ, “ಮೂಕಪ್ರಾಣಿಯನ್ನು ಕುಣಿಸುವ ಇದು ಸರ್ಕಸ್ಸಲ್ಲದೆ ಮತ್ತೇನು? ಶ್ರಾವಕರ ಮಕ್ಕಳಿಗೆ ಇದು ಸಲ್ಲದು” ಎಂದರು. ನಾನು ಆಗ ಸುಮ್ಮನಿದ್ದೆ. ಅವರ ಮಾತಿನಲ್ಲಿ ಸತ್ಯವೆಷ್ಟು, ಅಭ್ಯಾಸಬಲದ ತಾತ್ಸಾರವೆಷ್ಟು ಎಂದು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ಪರಿಚಯ ಆವಶ್ಯಕ. ‘ಅಜಿಲಿಟಿ’ ಎಂದು ಕರೆಯಲ್ಪಡುವ ಈ ಕ್ರೀಡೆ ಪುರಾತನವೇನಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನಪ್ರದರ್ಶನದ ಬಿಡುವಿನ ವೇಳೆಯಲ್ಲಿ ಪ್ರೇಕ್ಷಕರ ಮನರಂಜನೆಗೆಂದು ಜಾನ್ ವಾರ್ಲೆ ಮತ್ತು ಪೀಟರ್ ಮೀನ್‌ವೆಲ್ ಎಂಬವರು ಕುದುರೆಗಳ ತಡೆಹಾರುವ ಸ್ಪರ್ಧೆಯ ಮಾದರಿಯಲ್ಲಿ ಇದನ್ನು ರೂಪಿಸಿದರು. ಅಡ್ಡಪಟ್ಟಿಗಳನ್ನು ಹಾರುವುದು, ಸುರಂಗದಂಥ ಕೊಳವೆಯಲ್ಲಿ ನುಗ್ಗುವುದು, ಸಾಲುಕೋಲುಗಳ ನಡುವೆ ನುಸುಳುವುದು, ಇಳಿಜಾರು ಹಲಗೆಗಳನ್ನು ಏರಿ ಇಳಿಯುವುದು, ಸೀಸಾ ಹಲಗೆಯನ್ನು ದಾಟುವುದು ಇವೇ ಇದರ ಅಂಗಗಳು. ಎಫ್‌ಸಿಐ ಎಂಬ ಅಂತಾರಾಷ್ಟ್ರೀಯ ಶ್ವಾನಸಂಸ್ಥೆಯ ನಿಯಮದಂತೆ 18 ತಿಂಗಳು ತುಂಬದ ನಾಯಿ ಸ್ಪರ್ಧೆಗಿಳಿಯುವಂತಿಲ್ಲ. ಓಡುವ ನಾಯಿಯ ಕೊರಳಲ್ಲಿ ಪಟ್ಟಿಯಿರುವಂತಿಲ್ಲ, ಜೊತೆಗೆ ಓಡುವ ಹ್ಯಾಂಡ್ಲರ್ ಅದನ್ನು ಮುಟ್ಟುವಂತಿಲ್ಲ, ತಿನಿಸು ತೋರಿಸುವಂತಿಲ್ಲ. ಒರಟಾಗಿ ನಡೆದುಕೊಂಡವನು ಸ್ಪರ್ಧೆಯಿಂದ ಹೊರಬೀಳುತ್ತಾನೆ. ತಡೆಗಳ ಕ್ರಮ ಪ್ರತಿಸಲವೂ ಹೊಸದು. ಓಟಕ್ಕೆ ಮುನ್ನ ಆ ಹಾದಿಯನ್ನು ನಡೆದುನೋಡುವ ಅವಕಾಶ ಮನುಷ್ಯನಿಗೆ ಮಾತ್ರ. ನಾಯಿ ಅದನ್ನು ಕಾಣುವುದು ಓಡುವಾಗಲೇ.

ಆದುದರಿಂದ ಈ ಆಟದಲ್ಲಿ ಹಾದಿಯನ್ನು ಬಲ್ಲವನು ಒಬ್ಬ, ಓಡುವ ಜೀವಿ ಮತ್ತೊಂದು. ಬಲ್ಲವನು ಬಾಯಿಂದ ಹೇಳುವುದಕ್ಕಿಂತ ಹೆಚ್ಚಾಗಿ ಮೈಯಿಂದ ಹೇಳುತ್ತಾನೆ. ಅವನ ಪಾದ ಯಾವ ಕಡೆಗೆ, ಹೆಗಲು ಯಾವ ಕಡೆಗೆ, ನೋಟ ಯಾವ ಕಡೆಗೆ ಎಂಬುದನ್ನು ನಾಯಿ ಕ್ಷಣಾರ್ಧದಲ್ಲಿ ಓದಿಕೊಳ್ಳುತ್ತದೆ. ಬಾಯಿ ಬಲಕ್ಕೆ ಎಂದು ಕೂಗಿ ಪಾದ ಎಡಕ್ಕೆ ತಿರುಗಿದ್ದರೆ ನಾಯಿ ಸಾಮಾನ್ಯವಾಗಿ ಪಾದವನ್ನೇ ನಂಬುತ್ತದೆ. ತಿರುವಿನ ಸೂಚನೆ ನಾಯಿ ನೆಲಬಿಡುವುದಕ್ಕೆ ಮುಂಚೆಯೇ ತಲುಪಬೇಕು. ಗಾಳಿಯಲ್ಲಿದ್ದಾಗ ತಲುಪಿದರೆ ಅದು ನೇರವಾಗಿ ಇಳಿದು, ತಡವಾಗಿ ಮೈತಿರುಚಿ, ಹೆಗಲಿನ ಮೇಲೂ ಬೆನ್ನಿನ ಮೇಲೂ ಎಳೆತವನ್ನು ತಂದುಕೊಳ್ಳುತ್ತದೆ. ನಾಯಿಯ ಮುಂದೆ ಹಾಯ್ದು ಪಕ್ಕ ಬದಲಿಸುವುದು, ಹಿಂದೆ ಹಾಯ್ದು ಪಕ್ಕ ಬದಲಿಸುವುದು, ಓಟದ ವೇಗವನ್ನು ಇಳಿಸಿ ತಿರುವನ್ನು ಸೂಚಿಸುವುದು ಮುಂತಾದ ಕೌಶಲಗಳನ್ನು ಅವನು ಮೊದಲು ಒಬ್ಬನೇ ನೂರಾರು ಸಲ ಮಾಡಿ ಕಲಿಯಬೇಕು. ಲಗ್ಗೆರೆಯ ಯುವಕ ಮಾಡುತ್ತಿದ್ದುದು ಇದನ್ನೇ. ತನ್ನ ಕಲಿಕೆಯ ತಪ್ಪುಗಳಿಗೆ ನಾಯಿಯ ಕಾಲುಗಳು ಬೆಲೆ ತೆರಬಾರದೆಂದು ಅದನ್ನು ನೆರಳಿನಲ್ಲಿ ಕೂರಿಸಿದ್ದ.

ಇದನ್ನು ಕಂಡಾಗ ನನಗೆ ನೆನಪಾದುದು ಪ್ರಮಾದವೆಂಬ ಮಾತು. ಜಿನಾಗಮದ ಹಿಂಸಾಲಕ್ಷಣದಲ್ಲಿ ಪ್ರಾಣಘಾತಕ್ಕಿಂತ ಮೊದಲು ನಿಲ್ಲುವುದು ಪ್ರಮಾದಯುಕ್ತವಾದ ಮನೋವಾಕ್ಕಾಯಗಳ ವ್ಯಾಪಾರ. ಎಚ್ಚರದಿಂದ ಹೆಜ್ಜೆಯಿಡುವವನ ಕಾಲಡಿಗೆ ಅರಿಯದೆ ಜೀವಿ ಸಿಲುಕಿದರೂ ಅವನು ಹಿಂಸಕನಲ್ಲ. ಎಚ್ಚರಗೇಡಿಯ ಕಾಲಡಿಗೆ ಏನೂ ಸಿಲುಕದಿದ್ದರೂ ಅವನು ಹಿಂಸಕನೇ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ವಿವರಿಸಿದ ತತ್ತ್ವ. ತಡವಾದ ಒಂದು ಸೂಚನೆ ನಾಯಿಯ ಹೆಗಲುನೋವಾಗಿ ಪರಿಣಮಿಸುವುದಾದರೆ, ಆ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಯಾವುದು?

ಪ್ರಾಣಿಗೆ ಕಲಿಸುವುದೇ ತಪ್ಪೆಂಬ ಅಭಿಪ್ರಾಯಕ್ಕೂ ನಮ್ಮ ಶಾಸ್ತ್ರದಲ್ಲಿ ಆಧಾರವಿಲ್ಲ. ಚಾವುಂಡರಾಯನಿಗಾಗಿ ರಚಿತವಾಯಿತೆಂದು ಪ್ರಸಿದ್ಧವಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಸಂಜ್ಞೀಜೀವದ ಲಕ್ಷಣವನ್ನು ಹೇಳುವಾಗ, ಮನಸ್ಸಿನ ಆಸರೆಯಿಂದ ಶಿಕ್ಷೆಯನ್ನೂ ಉಪದೇಶವನ್ನೂ ಮಾತನ್ನೂ ಗ್ರಹಿಸಬಲ್ಲದ್ದೆಂಬುದನ್ನೇ ಗುರುತಾಗಿಟ್ಟಿದ್ದಾರೆ. ಇಲ್ಲಿ ಶಿಕ್ಷೆಯೆಂದರೆ ದಂಡನೆಯಲ್ಲ, ಕಲಿಕೆ. ನಾಯಿ ಸಂಜ್ಞೀ ಪಂಚೇಂದ್ರಿಯ ತಿರ್ಯಂಚ. ಮಹಾವೀರಸ್ವಾಮಿಯ ಪೂರ್ವಭವದ ಸಿಂಹವೂ ಪಾರ್ಶ್ವನಾಥಸ್ವಾಮಿಯ ಪೂರ್ವಭವದ ಆನೆಯೂ ಮುನಿಗಳಿಂದ ಉಪದೇಶ ಪಡೆದು ವ್ರತ ಹಿಡಿದವೆಂದು ನಾವು ಪುರಾಣದಲ್ಲಿ ಓದುತ್ತೇವೆ. ಪ್ರಾಣಿ ಕಲಿಯಬಲ್ಲುದೆಂಬುದು ನಮಗೆ ಹೊಸ ಸುದ್ದಿಯಲ್ಲ. ಯಾವ ಉದ್ದೇಶಕ್ಕೆ, ಯಾವ ವಿಧಾನದಿಂದ ಕಲಿಸುತ್ತೇವೆ ಎಂಬುದೇ ವಿಚಾರಣೀಯ.

ಈ ಉದ್ದೇಶವಿಧಾನಗಳ ಭೇದವನ್ನು ಕನ್ನಡನಾಡಿನ ಹಳೆಯ ಸಾಕ್ಷ್ಯಗಳಲ್ಲಿಯೇ ಕಾಣಬಹುದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಶಕ 872ರದು, ಎಂದರೆ ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ಗಂಗರ ಬೂತುಗನಿಂದ ಬೇಡಿ ಪಡೆದುದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಒಡೆಯನ ಪ್ರೀತಿ ನಿಜವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರೀತಿ ನಾಯಿಗೆ ಕೊಟ್ಟ ಕೆಲಸ ಕೊಲ್ಲುವುದು, ಕೊನೆಗೆ ಸಾಯುವುದು. ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ಕಾಲದಲ್ಲಿಯೂ ಬೇಟೆಯ ನಾಯಿ ಗೌರವದ ವಸ್ತುವಾಗಿತ್ತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಜನ್ನನ ಯಶೋಧರಚರಿತೆ 1209ರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದೋಷದಿಂದ ಯಶೋಧರ ನವಿಲಾಗಿಯೂ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟಿ ಯಶೋಮತಿಯ ಅರಮನೆ ಸೇರುತ್ತಾರೆ. ನಾಯಿ ನವಿಲನ್ನು ಹಿಡಿದು ಕೊಲ್ಲುತ್ತದೆ. ಸಿಟ್ಟಿಗೆದ್ದ ಅರಸನ ಏಟಿಗೆ ನಾಯಿಯೂ ಸಾಯುತ್ತದೆ. ಆ ನಾಯಿ ತನ್ನ ಅಜ್ಜಿ, ಆ ನವಿಲು ತನ್ನ ತಂದೆ ಎಂಬುದು ಅರಸನಿಗೆ ತಿಳಿಯದು. ಕರ್ಮವಿಪಾಕದ ಕಥೆಯಾಗಿ ಇದನ್ನು ಓದುವುದು ವಾಡಿಕೆ. ಸಾಕಿದವನ ಕೋಪದ ಕಥೆಯಾಗಿಯೂ ಇದನ್ನು ಓದಬಹುದು.

ಮೂರನೆಯದು ಜೀವಂಧರನ ಕಥೆ. ವಾದೀಭಸಿಂಹಸೂರಿಯ ಸಂಸ್ಕೃತ ಕೃತಿಗಳಿಂದ ಪ್ರಸಿದ್ಧವಾದ ಇದನ್ನು ಭಾಸ್ಕರಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ಹವಿಸ್ಸಿಗೆಂದಿಟ್ಟ ಅನ್ನಕ್ಕೆ ಬಾಯಿಹಾಕಿದ ನಾಯಿಯನ್ನು ಕೆಲವರು ಸಾಯಬಡಿದಿರುತ್ತಾರೆ. ಬದುಕಿಸಲು ಯತ್ನಿಸಿ ಆಗದೆ, ಜೀವಂಧರ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಗುತ್ತದೆ. ನಮ್ಮ ಪ್ರವಚನಗಳಲ್ಲಿ ಈ ಕಥೆ ಮಂತ್ರಮಹಿಮೆಯ ಪ್ರಸಂಗವಾಗಿಯೇ ಮುಗಿಯುತ್ತದೆ. ನಾಯಿಗೆ ಏಟು ಬಿದ್ದುದೇಕೆ ಎಂದು ಯಾರೂ ಕೇಳುವುದಿಲ್ಲ. ಹಸಿದ ನಾಯಿಗೆ ಅನ್ನ ಅನ್ನವೇ. ಇದು ಮುಟ್ಟಬಾರದ ಅನ್ನವೆಂದು ಅದಕ್ಕೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ಹೇಳದ ನಿಯಮವನ್ನು ಮೀರಿದ್ದಕ್ಕೆ ಅದು ಪ್ರಾಣ ತೆತ್ತಿತು. ಶ್ವಾನಶಿಕ್ಷಣದಲ್ಲಿ ಇಂದಿಗೂ ನಡೆಯುವ ಅನ್ಯಾಯಗಳಲ್ಲಿ ಬಹುಭಾಗ ಇದೇ. ನಾಯಿಗೆ ಅರ್ಥವಾಗುವಂತೆ ತಿಳಿಸದೆ, ಅದು ತಿಳಿಯದೆ ಮಾಡಿದ್ದಕ್ಕೆ ಸರಪಣಿಯನ್ನು ಜಗ್ಗುತ್ತಾರೆ. ಜೀವಂಧರ ಮಾಡಿದ್ದು ಇದಕ್ಕೆ ನೇರ ವಿರುದ್ಧ: ಅವನು ನಾಯಿಯ ಕಿವಿಯ ಮಟ್ಟಕ್ಕೆ ಬಾಗಿದನು.

ಇನ್ನು ಸೂತ್ರದ ಐದು ಅತಿಚಾರಗಳನ್ನು ಒರೆಗಲ್ಲಾಗಿಟ್ಟು ಈ ಆಟವನ್ನು ತಿಕ್ಕಿನೋಡೋಣ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ಜೀವಿ ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೆಂದು ಅರ್ಥೈಸುತ್ತಾರೆ. ಕೊರಳಪಟ್ಟಿಯೂ ಹಗ್ಗವೂ ಇಲ್ಲದೆ ಓಡುವ ಈ ಆಟ ಆ ಹೊತ್ತಿನ ಮಟ್ಟಿಗೆ ಬಂಧದಿಂದ ದೂರ. ಆದರೆ ಹತ್ತು ನಿಮಿಷ ಬಿಟ್ಟು ಓಡಿಸಿ, ಉಳಿದ ಹಗಲಿರುಳನ್ನು ಪಂಜರದಲ್ಲಿ ಕಳೆಯುವಂತೆ ಮಾಡಿದರೆ ಆ ಹತ್ತು ನಿಮಿಷ ಲೆಕ್ಕಕ್ಕೆ ಬಾರದು.

ವಧವೆಂದರೆ ಇಲ್ಲಿ ಕೊಲೆಯಲ್ಲ, ಕೋಲು ಚಾವಟಿಗಳ ಪೆಟ್ಟು. ಕೊರಳನ್ನು ಬಿಗಿಯುವ ಸರಪಣಿ, ಮುಳ್ಳುಪಟ್ಟಿ, ವಿದ್ಯುತ್ತಿನ ಆಘಾತ ಕೊಡುವ ಪಟ್ಟಿ ಇವು ಚಾವಟಿಯ ಹೊಸ ರೂಪಗಳು. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಂಡನೆಯಿಂದ ಕಲಿತ ನಾಯಿಗಳಲ್ಲಿ ಬಹುಮಾನದಿಂದ ಕಲಿತವುಗಳಿಗಿಂತ ಉದ್ವೇಗದ ಲಕ್ಷಣಗಳು ಹೆಚ್ಚೆಂದು ತೋರಿಸಿತು. ಹೊಡೆತದಿಂದ ಕೆಲಸವಾಗುವುದಿಲ್ಲವೆಂಬ ಕಾರಣಕ್ಕಲ್ಲ, ಕೆಲಸವಾದರೂ ಹೊಡೆಯಬಾರದೆಂಬ ಕಾರಣಕ್ಕೆ ನಾವು ಅದನ್ನು ಬಿಡತಕ್ಕವರು. ಆದರೂ ವಿಜ್ಞಾನದ ಸಾಕ್ಷ್ಯ ನಮ್ಮ ಪಕ್ಷದಲ್ಲಿರುವುದು ಸಂತೋಷದ ವಿಷಯ.

ಛೇದದ ವಿಚಾರ. ಡಾಬರ್‌ಮನ್ ಮೊದಲಾದ ತಳಿಗಳ ಕಿವಿ ಬಾಲಗಳನ್ನು ಅಂದಕ್ಕೆಂದು ಕತ್ತರಿಸುವ ಪದ್ಧತಿ ಉಂಟು. ಹಾರುವ ನಾಯಿಗೆ ಸಮತೋಲನಕ್ಕೆ ಬಾಲವೇ ನೆರವು. ಆಟಕ್ಕೆ ಈ ಕತ್ತರಿಕೆ ಬೇಕಾಗಿಲ್ಲ. ಕತ್ತರಿಸಿದ ಕಿವಿಯ ನಾಯಿಮರಿಯನ್ನು ಹಣಕೊಟ್ಟು ಕೊಳ್ಳುವವನು ಕತ್ತರಿ ಹಿಡಿದವನ ಅನುಮೋದಕನೆಂಬುದನ್ನು ಮರೆಯಬಾರದು. ಕೃತ, ಕಾರಿತ, ಅನುಮೋದಿತಗಳ ಪಾಠ ನಮಗೆ ಹೊಸದಲ್ಲ.

ಅತಿಭಾರಾರೋಪಣದಲ್ಲಿ ಈ ಆಟ ಎಡವುತ್ತದೆ. ವಿದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಇದರಲ್ಲಿ ತೊಡಗಿದ ನಾಯಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಒಂದಲ್ಲ ಒಂದು ಪೆಟ್ಟಿಗೆ ಗುರಿಯಾಗಿವೆ. ಹೆಗಲು ಬೆನ್ನುಗಳ ಪೆಟ್ಟು ಅವುಗಳಲ್ಲಿ ಪ್ರಧಾನ. ಮೂಳೆ ಬಲಿಯದ ಮರಿಯನ್ನು ಎತ್ತರಕ್ಕೆ ಹಾರಿಸುವುದು, ಕಾದ ಕಾಂಕ್ರೀಟಿನ ಮೇಲೆ ಓಡಿಸುವುದು, ಚಪ್ಪಟೆಮೂಗಿನ ತಳಿಗಳನ್ನು ಏದುಸಿರು ಬಿಡುವವರೆಗೆ ದಣಿಸುವುದು ಇವೆಲ್ಲ ಗಾಡಿಗೆ ಹೆಚ್ಚು ಮೂಟೆ ಹೇರಿದಂತೆಯೇ. ಇಲ್ಲಿ ಭಾರವಾಗಿರುವುದು ಮೂಟೆಯಲ್ಲ, ಒಡೆಯನ ಆಸೆ.

ಕೊನೆಯದು ಅನ್ನಪಾನನಿರೋಧ. ತಿನಿಸಿಗೆ ಚುರುಕಾಗಿ ಸ್ಪಂದಿಸಲೆಂದು ಕೆಲವರು ತರಬೇತಿಗೆ ಮುನ್ನ ನಾಯಿಯನ್ನು ಉಪವಾಸ ಕೆಡವುತ್ತಾರೆ. ನಮ್ಮ ಉಪವಾಸ ನಮ್ಮ ಸ್ವೇಚ್ಛೆಯಿಂದ, ನಾಯಿಯದು ಹಾಗಲ್ಲ. ದಿನದ ಆಹಾರದಲ್ಲೇ ಒಂದು ಪಾಲನ್ನು ಬಹುಮಾನವಾಗಿ ಕೊಡುವುದು ಬೇರೆ, ಹಸಿವನ್ನು ಅಸ್ತ್ರ ಮಾಡಿಕೊಳ್ಳುವುದು ಬೇರೆ. ಬಹುಮಾನಕ್ಕೆ ಮಾಂಸವೇ ಬೇಕೆಂಬ ವಾದವೂ ಪೂರ್ಣಸತ್ಯವಲ್ಲ. ನಾಯಿ ಮನುಷ್ಯನ ಸಹವಾಸದಲ್ಲಿ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವಂತೆ ಬದಲಾಗಿದೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಚಪಾತಿಯ ಚೂರಿಗೂ ಪನೀರಿನ ತುಣುಕಿಗೂ, ಎಸೆದ ಚೆಂಡಿಗೂ ಓಡಿಬರುವ ನಾಯಿಗಳು ಎಷ್ಟೋ ಇವೆ. ಆದರೆ ನಿತ್ಯದ ಸಂಪೂರ್ಣ ಆಹಾರವನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನಮ್ಮ ವ್ರತದ ಹೆಸರಿನಲ್ಲಿ ನಾಯಿ ಸೊರಗಿದರೆ ಅದೂ ಅನ್ನನಿರೋಧವೇ.

ಐದರ ಆಚೆಗೂ ಎರಡು ಆಕ್ಷೇಪಗಳು ಉಳಿಯುತ್ತವೆ. ನಾಯಿಯನ್ನು ಕೊಂಡು ಸಾಕುವುದು ಪರಿಗ್ರಹ. ಚತುಷ್ಪದಗಳು ಬಾಹ್ಯಪರಿಗ್ರಹದ ಪಟ್ಟಿಯಲ್ಲಿಯೇ ಇವೆ. ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದ ಪ್ರಾಚೀನರೂ ಉಂಟು. ಬೆಲೆಬಾಳುವ ತಳಿಯನ್ನು ತರಿಸುವ ಗೀಳನ್ನು ಈ ಮಾತು ಸರಿಯಾಗಿಯೇ ತಿವಿಯುತ್ತದೆ. ಬೀದಿಯಿಂದ ಎತ್ತಿ ತಂದ ಮರಿಯನ್ನು ಸಾಕುವವನಿಗೆ ಅದು ಅಷ್ಟಾಗಿ ತಗಲದು. ಎರಡನೆಯದು ಮಾನಕಷಾಯ. ಪದಕದ ಆಸೆ ಬಂದೊಡನೆ ಕೈಸನ್ನೆ ಒರಟಾಗುತ್ತದೆ, ದನಿ ಏರುತ್ತದೆ, ವಿಶ್ರಾಂತಿಯ ದಿನ ತಪ್ಪುತ್ತದೆ. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಕೌಶಲದ ಅಭ್ಯಾಸ ಶ್ರಾವಕನಿಗೆ ನಿಷಿದ್ಧವಲ್ಲ, ಗೆಲುವಿನ ಹಂಬಲಕ್ಕೆ ಅದನ್ನು ಒಪ್ಪಿಸುವುದು ನಿಷಿದ್ಧ. ಹಿರಿಯರು ಹೇಳಿದ ಸರ್ಕಸ್ಸಿನ ಹೋಲಿಕೆಗೂ ಇದೇ ಉತ್ತರ. ಕೇಂದ್ರಸರ್ಕಾರ 1998ರ ಅಧಿಸೂಚನೆಯಿಂದ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿತಷ್ಟೆ. ಅಂಥ ಪ್ರದರ್ಶನದ ಪ್ರಾಣಿಗೆ ಒಲ್ಲೆನೆಂದು ಹೊರಟುಹೋಗುವ ದಾರಿಯಿರಲಿಲ್ಲ. ಬಿಚ್ಚಿಬಿಟ್ಟ ನಾಯಿ ಬಯಲಿನ ಅಂಚಿಗೆ ಹೋಗಿ ಮಲಗಬಲ್ಲುದು. ಮಲಗಿದಾಗ ಅದನ್ನು ಮಲಗಲು ಬಿಡುವವನು ಶಿಕ್ಷಕ. ಎಳೆದು ತರುವವನು ಸರ್ಕಸ್ಸಿನವನು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳಕ್ಕೆ ಮರಳಬೇಕು. ಅಂದು ಲಗ್ಗೆರೆಯಿಂದ ಹಿಂದಿರುಗಿ ಆ ಹಿರಿಯರ ಮನೆಯ ಗೇಟಿನ ಬಳಿ ಬಂದಾಗ, ಮೋಟು ಸರಪಣಿಯಲ್ಲಿ ಕಟ್ಟಿದ್ದ ಅವರ ನಾಯಿ ಎದ್ದು ನಿಂತಿತು. ಅದರ ಕಾಲಡಿಯ ನೆಲ ಅರ್ಧಚಂದ್ರಾಕಾರವಾಗಿ ಸವೆದಿತ್ತು. ಅದನ್ನು ಯಾರೂ ಹೊಡೆಯುವುದಿಲ್ಲ. ಹೊತ್ತುಹೊತ್ತಿಗೆ ಅನ್ನ ಹಾಕುತ್ತಾರೆ. ಕಟ್ಟಿದ್ದಾರೆ, ಅಷ್ಟೆ. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿಯೂ ಹಿಂದೊಮ್ಮೆ ಹಾಗೆಯೇ ಒಂದು ನಾಯಿ ಹನ್ನೊಂದು ವರ್ಷ ಕಳೆದಿತ್ತು. ಸೂತ್ರದ ಮೊದಲನೆಯ ಅತಿಚಾರ ಯಾವುದೆಂದು ಓದುಗರು ಮತ್ತೊಮ್ಮೆ ನೆನೆಯಬೇಕು. ದೇಶದ ಕಾನೂನು ಕೂಡ ಇದನ್ನು ಬಲ್ಲುದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಒದಗಿಸದ ಒಡೆಯನ ಉಪೇಕ್ಷೆಯನ್ನು ಕ್ರೌರ್ಯವೆಂದೇ ಎಣಿಸಲಾಗಿದೆ.

ಕಾವಲಿಗೆ ನಾಯಿಯನ್ನಿಟ್ಟಿರುವ ಮನೆಗಳೂ ಬಸದಿ, ಧರ್ಮಶಾಲೆ, ಛತ್ರಗಳ ಟ್ರಸ್ಟುಗಳೂ ಇದನ್ನು ಆಡಳಿತದ ಸಣ್ಣ ಸಂಗತಿಯೆಂದು ಕಾವಲುಗಾರನಿಗೆ ಬಿಟ್ಟುಬಿಡಬಾರದು. ಆವರಣದ ಒಂದು ಭಾಗಕ್ಕೆ ಬೇಲಿ ಹಾಕಿಸಿ ನಾಯಿಯನ್ನು ಬಿಚ್ಚಿಬಿಡಬಹುದು; ದಿನಕ್ಕೆರಡು ಸಲ ನಡೆದಾಡಿಸಲು ಒಬ್ಬರನ್ನು ಗೊತ್ತುಮಾಡಬಹುದು; ನೆರಳು, ನೀರು, ರೇಬಿಸ್ ಲಸಿಕೆಗಳ ಹೊಣೆಯನ್ನು ಸಭೆಯ ನಡಾವಳಿಯಲ್ಲಿಯೇ ಬರೆಯಿಸಬಹುದು. ಅದರ ಪಾಲಿಗೆ ದಿನಕ್ಕೆ ಕಾಲುಗಂಟೆಯ ಕಲಿಕೆಯೂ ಇರಲಿ. ಕರೆದಾಗ ಬರುವುದು, ನಿಲ್ಲೆಂದಾಗ ನಿಲ್ಲುವುದು, ಕೆಳಗಿಟ್ಟ ಕೋಲೊಂದನ್ನು ದಾಟುವುದು, ಇಷ್ಟು ಸಾಕು. ಕರೆದರೆ ಬರುವಂತೆ ಕಲಿತ ನಾಯಿಯನ್ನು ಕಟ್ಟಿಹಾಕುವ ಆವಶ್ಯಕತೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಈ ಅರ್ಥದಲ್ಲಿ ಕಲಿಕೆಯೇ ಬಂಧಮೋಚನ.

ಲಗ್ಗೆರೆಯ ಆ ಬೆಳಗಿನ ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಆ ಯುವಕ ಕೊನೆಗೆ ನಾಯಿಯನ್ನು ಕರೆದು ಓಡಿಸಿದಾಗ ಅದು ಮೂರನೆಯ ತಡೆಯನ್ನು ಬಿಟ್ಟು ಟೈರಿನ ಕಡೆಗೆ ಹೋಯಿತು. ಅವನು ಗದರಲಿಲ್ಲ, ನಾಯಿಗೆ ಕೊಡಬೇಕಾದ ತಿನಿಸನ್ನು ಕೊಟ್ಟು, ಮತ್ತೆ ನೆರಳಿನಲ್ಲಿ ಕೂರಿಸಿ, ತಾನೊಬ್ಬನೇ ಎರಡನೆಯ ತಡೆಗೆ ಮರಳಿ ತನ್ನ ಪಾದ ಎತ್ತ ತಿರುಗಿತ್ತೆಂದು ನೋಡಿಕೊಂಡನು. ನಮ್ಮ ನಿತ್ಯದ ಪ್ರತಿಕ್ರಮಣದಲ್ಲಿ ನಾವು ಮಾಡಬೇಕಾದುದೂ ಅದನ್ನೇ. ಸಂಜೆ ಪಾಠ ಹೇಳಿ ಎದ್ದ ಮೇಲೆ ನಾವು ಒಮ್ಮೆ ಗೇಟಿನವರೆಗೆ ಹೋಗಿ, ಸರಪಣಿಯ ಉದ್ದವನ್ನು ನೋಡಿ ಬರೋಣ.